ಸುದ್ದಿಯೇ ನಿಮ್ಮನ್ನು ಹುಡುಕಿಕೊಂಡು ಬರಲಿ: ಇ-ಮೇಲ್ ಚಂದಾ, ಫೀಡ್ ರೀಡರ್ ಬಳಕೆ ಹೇಗೆ?

ಕೆಲವು ದಿನಗಳ ಹಿಂದೆ ಮೈಸೂರಿನ ಓದುಗರೊಬ್ಬರು ನಮ್ಮ ಕಚೇರಿಗೆ ದೂರವಾಣಿ ಕರೆ ಮಾಡಿದ್ದರು. ಅವರು ನಿವೃತ್ತ ಶಿಕ್ಷಕರು. ನಮ್ಮ ಪತ್ರಿಕೆ ಮುದ್ರಣಗೊಳ್ಳುತ್ತಿದ್ದ ಕಾಲದಲ್ಲಿ ಚಂದಾದಾರರಾಗಿದ್ದವರು. ಕೊಳವೆ ದುರಸ್ತಿಯ ಕಾರಣದಿಂದ ಅವರ ಬಡಾವಣೆಗೆ ಎರಡು ದಿನ ನೀರು ಪೂರೈಕೆ ಇರುವುದಿಲ್ಲ ಎಂಬ ಸುದ್ದಿಯನ್ನು ನಮ್ಮ ತಾಣವು ಹಿಂದಿನ ದಿನವೇ ಪ್ರಕಟಿಸಿತ್ತು. ಅವರಿಗೆ ವಿಷಯ ತಿಳಿದದ್ದು ನಲ್ಲಿ ಒಣಗಿದ ಮೇಲೆ. "ನೀವು ಹಾಕಿದ್ದಿರಂತೆ, ಪಕ್ಕದ ಮನೆಯವರು ತೋರಿಸಿದರು. ನನ್ನ ಫೋನಿನಲ್ಲಿ ಮಾತ್ರ ಕಾಣಿಸಲೇ ಇಲ್ಲವಲ್ಲ ಸ್ವಾಮಿ? ಪೇಪರ್ ಬರುತ್ತಿದ್ದಾಗ ಹೀಗಾಗುತ್ತಿರಲಿಲ್ಲ" ಎಂಬುದು ಅವರ ಆಕ್ಷೇಪ.

ವಿಚಾರಿಸಿದಾಗ ಸಂಗತಿ ಸ್ಪಷ್ಟವಾಯಿತು. ಅವರು ನಮ್ಮ ತಾಣವನ್ನು ನೇರವಾಗಿ ತೆರೆಯುವ ಅಭ್ಯಾಸವುಳ್ಳವರಲ್ಲ. ಸಾಮಾಜಿಕ ಜಾಲತಾಣವೊಂದರಲ್ಲಿ ನಮ್ಮ ಪುಟವನ್ನು ಮೆಚ್ಚಿಕೊಂಡಿದ್ದಾರೆ. ಅಲ್ಲಿ ಕಣ್ಣಿಗೆ ಬಿದ್ದದ್ದನ್ನು ಓದುತ್ತಾರೆ. ಆ ದಿನ ಬೆಳಿಗ್ಗೆ ಅವರ ಕಣ್ಣಿಗೆ ಬಿದ್ದದ್ದು ಚಿತ್ರನಟರೊಬ್ಬರ ಮದುವೆಯ ದೃಶ್ಯ, ಚಟ್ನಿ ಮಾಡುವ ವಿಧಾನ ಮತ್ತು ಮೂರು ದಿನ ಹಳೆಯದಾದ ಅಪಘಾತದ ವರದಿ. ನೀರಿನ ಸುದ್ದಿ ಮಾತ್ರ ಅವರವರೆಗೆ ಬರಲೇ ಇಲ್ಲ.

ಇದರಲ್ಲಿ ಓದುಗರ ತಪ್ಪೇನೂ ಇಲ್ಲ. ವರದಿ ಬರೆಯುವವರಿಗೂ ಓದುವವರಿಗೂ ನಡುವೆ ಮೂರನೆಯ ವ್ಯವಸ್ಥೆಯೊಂದು ಕುಳಿತಿದೆ. ಯಾವ ಸುದ್ದಿ ಯಾರಿಗೆ, ಯಾವಾಗ ಕಾಣಿಸಬೇಕು ಎಂಬುದನ್ನು ಅದೇ ತೀರ್ಮಾನಿಸುತ್ತದೆ. ಈ ಮಧ್ಯಸ್ಥಿಕೆ ಬೇಡ, ತಾಣದಲ್ಲಿ ಪ್ರಕಟವಾದದ್ದು ಪ್ರಕಟವಾದ ಕ್ರಮದಲ್ಲಿಯೇ ನಮಗೆ ತಲುಪಲಿ ಎನ್ನುವವರಿಗೆ ಅಂತರ್ಜಾಲದಲ್ಲಿ ಎರಡು ಹಳೆಯ ದಾರಿಗಳಿವೆ. ಒಂದು ಇ-ಮೇಲ್ ಚಂದಾ, ಇನ್ನೊಂದು ಫೀಡ್ ರೀಡರ್. ಬಹುತೇಕ ಎಲ್ಲ ಕಡೆ ಎರಡೂ ಉಚಿತ. ಇವು ಕೆಲಸ ಮಾಡುವ ಬಗೆ ಹೇಗೆ, ಒಂದಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೇನು, ಚಂದಾದಾರರಾಗುವ ಮುನ್ನ ಯಾವ ಎಚ್ಚರ ಅಗತ್ಯ ಎಂಬುದರ ವಿವರ ಇಲ್ಲಿದೆ.

ಚಂದಾ ಎಂದರೇನು?

ಮುದ್ರಿತ ಪತ್ರಿಕೆಗೆ ಚಂದಾದಾರರಾಗುವುದೆಂದರೆ ಎರಡು ಭರವಸೆಗಳು ದೊರೆತಂತೆ. ಮೊದಲನೆಯದು, ನಮಗೆ ನೆನಪಿರಲಿ ಬಿಡಲಿ, ಬೆಳಗಾಗುವಷ್ಟರಲ್ಲಿ ಪತ್ರಿಕೆ ಬಾಗಿಲಿಗೆ ಬರುತ್ತಿತ್ತು. ಎರಡನೆಯದು, ಪೂರ್ತಿ ಪತ್ರಿಕೆ ಬರುತ್ತಿತ್ತು. ಪತ್ರಿಕೆ ಹಾಕುವ ಹುಡುಗ ಈ ಮನೆಯವರಿಗೆ ಕ್ರೀಡಾ ಪುಟ ಸಾಕೆಂದು ಉಳಿದ ಹಾಳೆಗಳನ್ನು ತೆಗೆದಿಟ್ಟುಕೊಳ್ಳುತ್ತಿರಲಿಲ್ಲ. ಯಾವ ಪುಟ ಓದಬೇಕು, ಯಾವುದನ್ನು ಮಗುಚಬೇಕು ಎಂಬ ಆಯ್ಕೆ ಓದುಗರದ್ದೇ ಆಗಿತ್ತು.

ಜಾಲತಾಣಗಳು ಬಂದಾಗ ಮೊದಲನೆಯ ಭರವಸೆ ಇಲ್ಲವಾಯಿತು. ಹೊಸದೇನಾದರೂ ಬಂದಿದೆಯೇ ಎಂದು ಓದುಗರೇ ಹೋಗಿ ನೋಡಬೇಕಾಯಿತು. ಹತ್ತು ತಾಣಗಳನ್ನು ಓದುವವರು ದಿನಕ್ಕೆ ಹಲವು ಬಾರಿ ಹತ್ತು ಬಾಗಿಲು ತಟ್ಟಬೇಕು. ಸಾಮಾಜಿಕ ಜಾಲತಾಣಗಳು ಈ ಓಡಾಟವನ್ನು ತಪ್ಪಿಸಿದವಾದರೂ ಎರಡನೆಯ ಭರವಸೆಯನ್ನು ಕಿತ್ತುಕೊಂಡವು. ಫೇಸ್‌ಬುಕ್ ತನ್ನ ‘ನ್ಯೂಸ್ ಫೀಡ್’ ಸೌಲಭ್ಯವನ್ನು ಆರಂಭಿಸಿದ್ದು 2006ರಲ್ಲಿ. 2016ರಲ್ಲಿ ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂ ಕೂಡ ಕೇವಲ ಸಮಯಾನುಕ್ರಮವನ್ನು ಬಿಟ್ಟು, ಬಳಕೆದಾರರಿಗೆ ಯಾವುದು ಇಷ್ಟವಾಗಬಹುದು ಎಂಬ ಲೆಕ್ಕಾಚಾರದ ಆಧಾರದ ಮೇಲೆ ಪಟ್ಟಿ ಜೋಡಿಸುವ ಕ್ರಮಕ್ಕೆ ಬಂದವು. ಇಷ್ಟವಾಗುವ ಸುದ್ದಿಗೂ ಅಗತ್ಯವಾದ ಸುದ್ದಿಗೂ ಇರುವ ಅಂತರ ಈ ಲೆಕ್ಕಾಚಾರಕ್ಕೆ ಸುಲಭವಾಗಿ ತಿಳಿಯುವಂಥದ್ದಲ್ಲ. ಚಟ್ನಿಯ ದೃಶ್ಯ ಬಂದು, ನೀರಿನ ಸುದ್ದಿ ಬಾರದೆ ಹೋಗುವುದು ಹೀಗೆ.

ಇ-ಮೇಲ್ ಚಂದಾ: ಪರಿಚಿತ ದಾರಿ

ಎರಡು ದಾರಿಗಳಲ್ಲಿ ಇ-ಮೇಲ್ ಹೆಚ್ಚು ಪರಿಚಿತ. ಹೊಸದಾಗಿ ಯಾವ ತಂತ್ರಾಂಶವನ್ನೂ ಕಲಿಯಬೇಕಾಗಿಲ್ಲ. ತಾಣದಲ್ಲಿರುವ ಚೌಕದಲ್ಲಿ ಇ-ಮೇಲ್ ವಿಳಾಸವನ್ನು ನಮೂದಿಸಿದರೆ ಒಂದು ದೃಢೀಕರಣ ಪತ್ರ ಬರುತ್ತದೆ. ಅದರಲ್ಲಿರುವ ಕೊಂಡಿಯನ್ನು ಕ್ಲಿಕ್ಕಿಸಿದ ಬಳಿಕವಷ್ಟೇ ಚಂದಾ ಚಾಲ್ತಿಗೆ ಬರುತ್ತದೆ. ಈ ಎರಡನೆಯ ಹಂತವನ್ನು ಕೆಲವರು ಕಿರಿಕಿರಿ ಎಂದುಕೊಳ್ಳುತ್ತಾರೆ. ಆದರೆ ಬೇರೆ ಯಾರೋ ನಿಮ್ಮ ವಿಳಾಸವನ್ನು ನಮೂದಿಸಿ ನಿಮಗೆ ಬೇಡದ ಪತ್ರಗಳು ಬರುವಂತೆ ಮಾಡುವುದನ್ನು ತಡೆಯುವುದು ಇದೇ ಹಂತ. ದೃಢೀಕರಣ ಕೇಳದೆ ನೇರವಾಗಿ ಪತ್ರ ಕಳುಹಿಸಲಾರಂಭಿಸುವ ತಾಣದ ಬಗ್ಗೆ ತುಸು ಅನುಮಾನವಿರಲಿ.

ಸುದ್ದಿತಾಣಗಳು ಸಾಮಾನ್ಯವಾಗಿ ಎರಡು ಬಗೆಯ ಪತ್ರಗಳನ್ನು ಕಳುಹಿಸುತ್ತವೆ. ದಿನಕ್ಕೊಮ್ಮೆ ನಿಗದಿತ ಸಮಯಕ್ಕೆ ಬರುವ ಸಂಕ್ಷಿಪ್ತ ಪಟ್ಟಿ ಒಂದು. ಮಹತ್ವದ ಘಟನೆ ನಡೆದೊಡನೆ ಬರುವ ತುರ್ತು ಸೂಚನೆ ಇನ್ನೊಂದು. ಎರಡಕ್ಕೂ ಒಟ್ಟಿಗೇ ಒಪ್ಪಿಗೆ ನೀಡುವ ಬದಲು ಮೊದಲು ದಿನದ ಪಟ್ಟಿಯೊಂದನ್ನೇ ಆಯ್ದುಕೊಂಡು ನೋಡುವುದು ಲೇಸು.

ಈ ದಾರಿಯ ಅನನುಕೂಲವೂ ಇಲ್ಲಿಯೇ ಇದೆ. ಪತ್ರ ಬರಬೇಕಾದರೆ ವಿಳಾಸ ಕೊಡಲೇಬೇಕು. ಕೊಟ್ಟ ವಿಳಾಸ ಕಳುಹಿಸುವವರ ಬಳಿ ಉಳಿಯುತ್ತದೆ. ಅದನ್ನು ಅವರು ಬೇರೆಯವರಿಗೆ ಮಾರಬಹುದು, ಅಥವಾ ಅವರ ದತ್ತಾಂಶವನ್ನು ಇನ್ನಾರಾದರೂ ಕದಿಯಬಹುದು. ಅಷ್ಟೇ ಅಲ್ಲ, ಅನೇಕ ಸುದ್ದಿಪತ್ರಗಳ ಒಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಅಡಗಿಸಿಡಲಾಗಿರುತ್ತದೆ. ಪತ್ರ ತೆರೆದೊಡನೆ ಆ ಚಿತ್ರವು ಕಳುಹಿಸಿದವರ ಸರ್ವರ್‌ನಿಂದ ಬರುತ್ತದೆ. ಯಾವ ವಿಳಾಸದವರು ಎಷ್ಟು ಹೊತ್ತಿಗೆ ಪತ್ರ ತೆರೆದರು ಎಂಬುದು ಅಲ್ಲಿ ದಾಖಲಾಗುತ್ತದೆ. ಆಪಲ್ ಸಂಸ್ಥೆಯು 2021ರಲ್ಲಿ ತನ್ನ ಮೇಲ್ ತಂತ್ರಾಂಶದಲ್ಲಿ ಇದಕ್ಕೆ ತಡೆಯೊಡ್ಡುವ ಸೌಲಭ್ಯ ನೀಡಿತು. ಉಳಿದವರು ಮೇಲ್ ಸೇವೆಯ ಸೆಟ್ಟಿಂಗ್ಸ್‌ಗೆ ಹೋಗಿ, ಚಿತ್ರಗಳು ತಾವಾಗಿಯೇ ತೆರೆಯದಂತೆ ಮಾಡಿಕೊಳ್ಳಬಹುದು.

ಫೀಡ್ ಎಂದರೇನು?

ಎರಡನೆಯ ದಾರಿಯಾದ ಫೀಡ್‌ನ ತಾಂತ್ರಿಕ ಹೆಸರು ಆರ್‌ಎಸ್‌ಎಸ್. ಹೆಸರು ಕೇಳಿದೊಡನೆ ನಮ್ಮ ಓದುಗರಿಗೆ ಬೇರೊಂದು ಸಂಘಟನೆ ನೆನಪಾಗುವುದು ಸಹಜ. ಇದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ‘ರಿಯಲಿ ಸಿಂಪಲ್ ಸಿಂಡಿಕೇಶನ್’ ಎಂಬುದು ಇದರ ಇಂದಿನ ವಿಸ್ತೃತ ರೂಪ. ಅತಿ ಸರಳವಾದ ವಿತರಣಾ ವಿಧಾನ ಎಂದು ಅರ್ಥೈಸಬಹುದು.

ಹೆಸರಿಗೆ ತಕ್ಕಂತೆ ಇದು ಸರಳವೇ. ಸುದ್ದಿತಾಣವು ಓದುಗರಿಗೆ ಕಾಣುವ ಪುಟಗಳ ಜತೆಗೆ, ಯಂತ್ರಗಳು ಓದಲೆಂದು ಒಂದು ಚಿಕ್ಕ ಕಡತವನ್ನೂ ಇಟ್ಟಿರುತ್ತದೆ. ಅದರಲ್ಲಿ ಇತ್ತೀಚಿನ ಹತ್ತಿಪ್ಪತ್ತು ಸುದ್ದಿಗಳ ಪಟ್ಟಿ ಇರುತ್ತದೆ. ಪ್ರತಿ ಸುದ್ದಿಗೂ ಶೀರ್ಷಿಕೆ, ಪೂರ್ಣ ವರದಿಯ ಕೊಂಡಿ, ಕಿರು ಸಾರಾಂಶ, ಪ್ರಕಟವಾದ ದಿನ ಮತ್ತು ಸಮಯ. ಚಿತ್ರ, ಜಾಹೀರಾತು, ಬಣ್ಣಬಣ್ಣದ ವಿನ್ಯಾಸ ಯಾವುದೂ ಅಗತ್ಯವಿಲ್ಲ. ಹೊಸ ಸುದ್ದಿ ಪ್ರಕಟವಾದೊಡನೆ ಪಟ್ಟಿಯ ಮೇಲ್ತುದಿಗೆ ಅದು ಸೇರುತ್ತದೆ, ಹಳೆಯದು ಕೆಳಗಿನಿಂದ ಉದುರುತ್ತದೆ. ತಾಣ ನಡೆಸುವವರು ಈ ಕೆಲಸವನ್ನು ಕೈಯಿಂದ ಮಾಡಬೇಕಾಗಿಲ್ಲ, ತಂತ್ರಾಂಶವೇ ಮಾಡುತ್ತದೆ.

ಈ ಪಟ್ಟಿಯನ್ನು ಓದುವ ತಂತ್ರಾಂಶಕ್ಕೆ ಫೀಡ್ ರೀಡರ್ ಎಂದು ಹೆಸರು. ನೀವು ಆಯ್ದ ತಾಣಗಳ ಫೀಡ್ ವಿಳಾಸಗಳನ್ನು ಅದರಲ್ಲಿ ಒಮ್ಮೆ ಸೇರಿಸಿದರೆ ಸಾಕು. ಅದು ಆಗಾಗ ಪ್ರತಿಯೊಂದು ತಾಣಕ್ಕೂ ಹೋಗಿ, "ನಾನು ಕಳೆದ ಬಾರಿ ಬಂದು ಹೋದ ಮೇಲೆ ಏನಾದರೂ ಬದಲಾಗಿದೆಯೇ?" ಎಂದು ಕೇಳುತ್ತದೆ. ಬದಲಾಗದಿದ್ದರೆ ಸರ್ವರ್ 304 ಎಂಬ ಸಂಕೇತ ಸಂಖ್ಯೆಯನ್ನಷ್ಟೇ ಹಿಂದಿರುಗಿಸುತ್ತದೆ. ಬದಲಾಗಿದ್ದರೆ ಹೊಸ ಪಟ್ಟಿ ಬರುತ್ತದೆ. ಹತ್ತು ಬಾಗಿಲು ತಟ್ಟುವ ಕೆಲಸವನ್ನು ನಿಮ್ಮ ಪರವಾಗಿ ರೀಡರ್ ಮಾಡುತ್ತದೆ. ನೀವು ಒಂದೇ ತೆರೆಯ ಮೇಲೆ ಎಲ್ಲ ತಾಣಗಳ ಶೀರ್ಷಿಕೆಗಳನ್ನು ನೋಡುತ್ತೀರಿ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಫೀಡ್‌ಗೆ ಚಂದಾದಾರರಾಗಲು ಸುದ್ದಿತಾಣಕ್ಕೆ ನಿಮ್ಮ ಹೆಸರನ್ನಾಗಲಿ, ಇ-ಮೇಲ್ ವಿಳಾಸವನ್ನಾಗಲಿ ನೀಡಬೇಕಾಗಿಲ್ಲ. ಚಂದಾದಾರರ ಪಟ್ಟಿ ತಾಣದ ಬಳಿ ಇರುವುದಿಲ್ಲ, ನಿಮ್ಮ ರೀಡರ್‌ನಲ್ಲಿ ಇರುತ್ತದೆ. ಬೇಡವೆನಿಸಿದರೆ ಅಲ್ಲಿಂದ ಅಳಿಸಿದರಾಯಿತು. ಯಾರಿಗೂ ವಿನಂತಿ ಕಳುಹಿಸಬೇಕಿಲ್ಲ, ಯಾರ ಅನುಮತಿಯೂ ಬೇಕಿಲ್ಲ. ಇ-ಮೇಲ್ ಚಂದಾದಲ್ಲಿ ಕೀಲಿಕೈ ಕಳುಹಿಸುವವರ ಬಳಿ ಇದ್ದರೆ, ಫೀಡ್‌ನಲ್ಲಿ ಅದು ಓದುಗರ ಬಳಿಯೇ ಇರುತ್ತದೆ.

ಕಾಲು ಶತಮಾನದ ಇತಿಹಾಸ

ಆರ್‌ಎಸ್‌ಎಸ್‌ನ ಮೊದಲ ಆವೃತ್ತಿ ರೂಪುಗೊಂಡದ್ದು 1999ರ ಮಾರ್ಚ್‌ನಲ್ಲಿ, ಅಮೆರಿಕದ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ. ತನ್ನ ಮುಖಪುಟದಲ್ಲಿ ಬಳಕೆದಾರರು ತಮಗೆ ಬೇಕಾದ ತಾಣಗಳ ಶೀರ್ಷಿಕೆಗಳನ್ನು ಜೋಡಿಸಿಕೊಳ್ಳಲು ಅನುವಾಗಲಿ ಎಂಬುದು ಸಂಸ್ಥೆಯ ಉದ್ದೇಶವಾಗಿತ್ತು. ಇದನ್ನು ರೂಪಿಸಿದವರು ಡಾನ್ ಲಿಬ್ಬಿ ಮತ್ತು ರಾಮನಾಥನ್ ವಿ. ಗುಹಾ. ಇವರಲ್ಲಿ ಗುಹಾ ಅವರು ಮದರಾಸಿನ ಐಐಟಿಯಲ್ಲಿ ಇಂಜಿನಿಯರಿಂಗ್ ವ್ಯಾಸಂಗ ಮಾಡಿದವರು ಎಂಬುದು ಗಮನಾರ್ಹ.

ನೆಟ್‌ಸ್ಕೇಪ್ ಬೇಗನೆ ಆಸಕ್ತಿ ಕಳೆದುಕೊಂಡಿತು. ಯೂಸರ್‌ಲ್ಯಾಂಡ್ ಸಂಸ್ಥೆಯ ಡೇವ್ ವೈನರ್ ಅವರು ಈ ತಂತ್ರವನ್ನು ಮುಂದುವರಿಸಿದರು. 2000ನೇ ಇಸವಿಯ ಡಿಸೆಂಬರ್‌ನಲ್ಲಿ ಪ್ರತ್ಯೇಕ ಗುಂಪೊಂದು 1.0 ಆವೃತ್ತಿಯನ್ನು ಹೊರತಂದಿತು. ಆ ಗುಂಪಿನಲ್ಲಿ 14 ವರ್ಷದ ಆರನ್ ಸ್ವಾರ್ಟ್ಜ್ ಎಂಬ ಬಾಲಕನೂ ಇದ್ದ. ವೈನರ್ ಅವರ 2.0 ಆವೃತ್ತಿ 2002ರಲ್ಲಿ ಬಂದಿತು. ಇಂದಿಗೂ ವ್ಯಾಪಕ ಬಳಕೆಯಲ್ಲಿರುವುದು ಅದೇ. ಈ ಎರಡು ಪಂಗಡಗಳ ಗೊಂದಲದಿಂದ ಬೇಸತ್ತವರು ‘ಆಟಂ’ ಎಂಬ ಮೂರನೆಯ ಮಾದರಿಯನ್ನು ರೂಪಿಸಿದರು. 2005ರ ಡಿಸೆಂಬರ್‌ನಲ್ಲಿ ಅದಕ್ಕೆ ಅಂತರ್ಜಾಲ ಮಾನಕದ ಸ್ಥಾನ ದೊರೆಯಿತು. ಓದುಗರು ಈ ಭೇದಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಇಂದಿನ ರೀಡರ್‌ಗಳು ಎಲ್ಲವನ್ನೂ ಓದುತ್ತವೆ.

ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು 2002ರಲ್ಲಿ ಫೀಡ್ ನೀಡಲಾರಂಭಿಸಿದ ನಂತರ ಸುದ್ದಿಲೋಕದಲ್ಲಿ ಇದಕ್ಕೆ ಮನ್ನಣೆ ಹೆಚ್ಚಿತು. ಫೈರ್‌ಫಾಕ್ಸ್ ಬ್ರೌಸರ್‌ನಲ್ಲಿ ಬಳಕೆಗೆ ಬಂದ, ಕಿತ್ತಳೆ ಬಣ್ಣದ ಚೌಕದೊಳಗೆ ಅಲೆಗಳು ಹೊಮ್ಮುವಂತಿರುವ ಚಿಹ್ನೆಯನ್ನು ಮೈಕ್ರೋಸಾಫ್ಟ್ ಕೂಡ 2005ರಲ್ಲಿ ಒಪ್ಪಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಗೂಗಲ್ ರೀಡರ್ ಆರಂಭವಾಯಿತು. ಮುಂದಿನ ಕೆಲ ವರ್ಷಗಳು ಫೀಡ್‌ನ ಸುವರ್ಣಕಾಲ ಎನ್ನಬಹುದು.

ಸೇವೆ ನಿಂತರೂ ಚಂದಾ ಉಳಿಯಿತು

2013ರ ಮಾರ್ಚ್‌ನಲ್ಲಿ ಗೂಗಲ್ ತನ್ನ ರೀಡರ್ ಸೇವೆಯನ್ನು ಸ್ಥಗಿತಗೊಳಿಸುವುದಾಗಿ ಪ್ರಕಟಿಸಿತು. ಅದೇ ವರ್ಷದ ಜುಲೈ 1ರಂದು ಸೇವೆ ನಿಂತಿತು. 2018ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ ಬ್ರೌಸರ್ ತನ್ನೊಳಗಿದ್ದ ಫೀಡ್ ಓದುವ ಸೌಲಭ್ಯವನ್ನು ತೆಗೆದುಹಾಕಿತು. ಅನೇಕ ತಾಣಗಳು ತಮ್ಮ ಫೀಡನ್ನು ಇ-ಮೇಲ್ ಮೂಲಕ ತಲುಪಿಸಲು ಬಳಸುತ್ತಿದ್ದ ಫೀಡ್‌ಬರ್ನರ್ ಸೇವೆಯನ್ನು ಗೂಗಲ್ 2007ರಲ್ಲಿ ಕೊಂಡುಕೊಂಡಿತ್ತು. ಅದರ ಇ-ಮೇಲ್ ಚಂದಾ ವಿಭಾಗ 2021ರಲ್ಲಿ ನಿಂತುಹೋಯಿತು. ಪ್ರತಿ ಬಾರಿಯೂ ಆರ್‌ಎಸ್‌ಎಸ್ ಕಾಲ ಮುಗಿಯಿತು ಎಂಬ ಮಾತು ಕೇಳಿಬಂದಿತು.

ವಾಸ್ತವದಲ್ಲಿ ನಿಂತದ್ದು ಆಯಾ ಕಂಪನಿಗಳ ಸೇವೆಗಳೇ ಹೊರತು ಫೀಡ್ ಅಲ್ಲ. ಫೀಡ್ ಯಾವ ಕಂಪನಿಯ ಸ್ವತ್ತೂ ಅಲ್ಲ. ಅದೊಂದು ಮುಕ್ತ ಮಾನಕ. 2.0 ಆವೃತ್ತಿಯ ವಿವರಣೆಯ ಹಕ್ಕುಸ್ವಾಮ್ಯವನ್ನು 2003ರಲ್ಲಿಯೇ ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕೇಂದ್ರಕ್ಕೆ ವಹಿಸಲಾಗಿತ್ತು. ಗೂಗಲ್ ರೀಡರ್ ಬಳಸುತ್ತಿದ್ದವರು ತಮ್ಮ ಚಂದಾ ಪಟ್ಟಿಯನ್ನು ‘ಒಪಿಎಂಎಲ್’ ಎಂಬ ಮಾದರಿಯ ಕಡತವಾಗಿ ಇಳಿಸಿಕೊಂಡು, ಫೀಡ್ಲಿ ಮುಂತಾದ ಬೇರೆ ರೀಡರ್‌ಗಳಿಗೆ ಸ್ಥಳಾಂತರಗೊಂಡರು. ಮನೆ ಬದಲಾಯಿಸಿದರೂ ಪತ್ರಿಕೆಗಳ ಚಂದಾ ತಪ್ಪದಂತೆ ನೋಡಿಕೊಂಡ ಹಾಗೆ.

ಫೀಡನ್ನು ಹೆಸರು ತಿಳಿಯದೆಯೇ ಬಳಸುತ್ತಿರುವವರು ಇಂದು ಬಹಳ ಮಂದಿ. ಮೊಬೈಲ್‌ನಲ್ಲಿ ಪಾಡ್‌ಕಾಸ್ಟ್ ಕೇಳುವವರನ್ನೇ ತೆಗೆದುಕೊಳ್ಳಿ. ಹೊಸ ಸಂಚಿಕೆ ಬಂದಿದೆ ಎಂದು ಬಹುತೇಕ ಪಾಡ್‌ಕಾಸ್ಟ್ ಆ್ಯಪ್‌ಗಳಿಗೆ ತಿಳಿಯುವುದು ಆರ್‌ಎಸ್‌ಎಸ್ ಮೂಲಕವೇ. ಧ್ವನಿ ಕಡತಗಳನ್ನು ಫೀಡ್‌ಗೆ ಲಗತ್ತಿಸುವ ಸೌಲಭ್ಯ 2000ನೇ ಇಸವಿಯಲ್ಲಿಯೇ ಸೇರಿತ್ತು. ಯೂಟ್ಯೂಬ್ ವಾಹಿನಿಗಳಿಗೂ ಫೀಡ್ ಇದೆ. ಭಾರತೀಯ ರಿಸರ್ವ್ ಬ್ಯಾಂಕ್ ಮತ್ತು ಪತ್ರಿಕಾ ವಾರ್ತಾ ಕಾರ್ಯಾಲಯಗಳು ತಮ್ಮ ಪ್ರಕಟಣೆಗಳ ಫೀಡ್ ನೀಡುತ್ತವೆ. ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆಯು ಜಗತ್ತಿನ ಭೂಕಂಪಗಳ ವಿವರಗಳನ್ನು ಫೀಡ್ ರೂಪದಲ್ಲಿಯೂ ಒದಗಿಸುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧತೆ ನಡೆಸುವವರು, ಬ್ಯಾಂಕ್ ನೌಕರರು, ವ್ಯಾಪಾರಸ್ಥರು ಮೂಲ ಪ್ರಕಟಣೆಯನ್ನೇ ನೇರವಾಗಿ ಪಡೆಯಲು ಇದರಿಂದ ಸಾಧ್ಯ. ಯಾರೋ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಅರೆಬರೆ ಚಿತ್ರವನ್ನು ನಂಬಿ ಕೂರಬೇಕಾಗಿಲ್ಲ.

ಕನ್ನಡಕ್ಕೆ ಯೂನಿಕೋಡ್ ತಂದ ಅನುಕೂಲ

ಕನ್ನಡ ಓದುಗರಿಗೆ ಫೀಡ್ ತಡವಾಗಿ ದಕ್ಕಿತು. ಅದಕ್ಕೆ ಕಾರಣ ಫಾಂಟ್. ಈ ಶತಮಾನದ ಆರಂಭದ ವರ್ಷಗಳಲ್ಲಿ ಅನೇಕ ಕನ್ನಡ ತಾಣಗಳು ಯೂನಿಕೋಡ್ ಬಳಸುತ್ತಿರಲಿಲ್ಲ. ಪ್ರತಿಯೊಂದಕ್ಕೂ ತನ್ನದೇ ಫಾಂಟ್ ಇರುತ್ತಿತ್ತು. ತೆರೆಯ ಮೇಲೆ ಕನ್ನಡವಾಗಿ ಕಾಣುತ್ತಿದ್ದುದು ಒಳಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ರೂಪದಲ್ಲಿ ಸಂಗ್ರಹವಾಗಿರುತ್ತಿತ್ತು. ಆಯಾ ತಾಣದ ಫಾಂಟ್ ಇದ್ದಾಗ ಮಾತ್ರ ಅದು ಕನ್ನಡ. ಇಲ್ಲದಿದ್ದರೆ ಅರ್ಥವಿಲ್ಲದ ಗೀಚು.

ಫೀಡ್‌ನ ಸ್ವಭಾವವೇ ವಿನ್ಯಾಸ, ಫಾಂಟ್‌ಗಳನ್ನು ಬದಿಗಿಟ್ಟು ಬರಿಯ ಪಠ್ಯವನ್ನು ರವಾನಿಸುವುದು. ಹಾಗಾಗಿ ಆ ಬಗೆಯ ತಾಣದ ಪಠ್ಯ ಫೀಡ್ ರೀಡರ್‌ಗೆ ಬಂದಾಗ ಗೀಚು ಮಾತ್ರ ಉಳಿಯುತ್ತಿತ್ತು. ಇ-ಮೇಲ್‌ನ ಶೀರ್ಷಿಕೆಯ ಸಾಲಿನ ಕಥೆಯೂ ಅದೇ. ಕನ್ನಡದ ಪ್ರತಿಯೊಂದು ಮೂಲಾಕ್ಷರಕ್ಕೂ ಸ್ವರಚಿಹ್ನೆಗೂ ಯೂನಿಕೋಡ್‌ನಲ್ಲಿ ಜಗತ್ತಿನಾದ್ಯಂತ ಒಂದೇ ಸಂಕೇತ ನಿಗದಿಯಾಗಿರುವುದರಿಂದ ಯಾವ ರೀಡರ್, ಯಾವ ಫೋನ್ ಆದರೂ ಅದನ್ನು ಕನ್ನಡವೆಂದೇ ಗುರುತಿಸಬಲ್ಲದು. ಸುದ್ದಿತಾಣಗಳು ಒಂದೊಂದಾಗಿ ಯೂನಿಕೋಡ್‌ಗೆ ಬದಲಾದ ಬಳಿಕವೇ ಕನ್ನಡ ಸುದ್ದಿಯ ಫೀಡ್ ಓದಲು ಯೋಗ್ಯವಾಯಿತು. ಇಂದು ಬೆಂಗಳೂರಿನಲ್ಲಿರಲಿ, ಮುಂಬೈಯಲ್ಲಿರಲಿ, ದುಬೈಯಲ್ಲಿರಲಿ, ಊರಿನ ಸುದ್ದಿ ಒಂದೇ ರೂಪದಲ್ಲಿ ತಲುಪುತ್ತದೆ.

ನಡುವಿನವರು ಕೈಬಿಟ್ಟಾಗ

ಸಾಮಾಜಿಕ ಜಾಲತಾಣದಲ್ಲಿ ಹೇಗೂ ಸುದ್ದಿ ಸಿಗುತ್ತದಲ್ಲ, ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಏಳಬಹುದು. ಇದಕ್ಕೆ ಕೆನಡಾದಲ್ಲಿ ನಡೆದ ಘಟನೆ ಉತ್ತರ ನೀಡುತ್ತದೆ.

ಸುದ್ದಿಗಳ ಕೊಂಡಿಗಳಿಂದ ಲಾಭ ಪಡೆಯುವ ದೊಡ್ಡ ಅಂತರ್ಜಾಲ ಕಂಪನಿಗಳು ಸುದ್ದಿಸಂಸ್ಥೆಗಳಿಗೆ ಹಣ ನೀಡಬೇಕು ಎಂಬ ಕಾಯ್ದೆಯನ್ನು ಕೆನಡಾ 2023ರ ಜೂನ್‌ನಲ್ಲಿ ಅಂಗೀಕರಿಸಿತು. ಇದನ್ನು ಒಪ್ಪದ ಮೆಟಾ ಕಂಪನಿಯು ಅದೇ ವರ್ಷದ ಆಗಸ್ಟ್ 1ರಿಂದ ಕೆನಡಾದ ಬಳಕೆದಾರರಿಗೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಸುದ್ದಿ ಕಾಣದಂತೆ ಮಾಡಲಾರಂಭಿಸಿತು. ಎರಡು ವಾರಗಳ ಬಳಿಕ ಆ ದೇಶದ ವಾಯವ್ಯ ಭಾಗದಲ್ಲಿ ಕಾಡ್ಗಿಚ್ಚು ಹಬ್ಬಿತು. ಸುಮಾರು 20 ಸಾವಿರ ಜನಸಂಖ್ಯೆಯ ಯೆಲ್ಲೋನೈಫ್ ಪಟ್ಟಣವನ್ನು ತೆರವುಗೊಳಿಸುವಂತೆ ಆಗಸ್ಟ್ 16ರಂದು ಆದೇಶ ಹೊರಟಿತು. ಯಾವ ರಸ್ತೆ ತೆರೆದಿದೆ, ಬೆಂಕಿ ಎಲ್ಲಿಗೆ ಬಂದಿದೆ ಎಂದು ತಿಳಿಸುವ ಸ್ಥಳೀಯ ವರದಿಗಳ ಕೊಂಡಿಗಳನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಳ್ಳಲು ಜನರಿಗೆ ಆಗಲಿಲ್ಲ. ವರದಿಯ ಚಿತ್ರ ತೆಗೆದು ಹಂಚುವ ಉಪಾಯಕ್ಕೆ ಹಲವರು ಮೊರೆಹೋದರು.

ಸರ್ಕಾರದ ಕಾಯ್ದೆ ಸರಿಯೋ, ಕಂಪನಿಯ ನಿಲುವು ಸರಿಯೋ ಎಂಬ ಚರ್ಚೆ ಬೇರೆ. ಇಲ್ಲಿ ನೆನಪಿಡಬೇಕಾದದ್ದು ಇಷ್ಟೆ: ಆ ದಿನಗಳಲ್ಲಿ ಸ್ಥಳೀಯ ಸುದ್ದಿತಾಣಗಳು ಕೆಲಸ ನಿಲ್ಲಿಸಿರಲಿಲ್ಲ. ತಾಣವನ್ನು ನೇರವಾಗಿ ತೆರೆಯುವವರಿಗೆ, ಇ-ಮೇಲ್ ಅಥವಾ ಫೀಡ್ ಮೂಲಕ ಪಡೆಯುವವರಿಗೆ ಈ ತಡೆ ಅನ್ವಯಿಸುತ್ತಿರಲಿಲ್ಲ. ನಡುವಿನವರನ್ನು ಮಾತ್ರ ಆಶ್ರಯಿಸಿದ್ದವರು ಕಷ್ಟಕ್ಕೆ ಸಿಲುಕಿದರು. ಮೈಸೂರಿನ ಓದುಗರಿಗೆ ತಪ್ಪಿದ್ದು ಎರಡು ದಿನದ ನೀರು. ಇನ್ನೊಮ್ಮೆ ತಪ್ಪುವುದು ಅದಕ್ಕಿಂತ ದೊಡ್ಡದಾಗಿರಬಹುದು.

ಫೀಡ್ ರೀಡರ್ ಆರಂಭಿಸುವುದು ಹೇಗೆ?

1. ಮೊದಲು ರೀಡರ್ ಆಯ್ದುಕೊಳ್ಳಿ. ಬ್ರೌಸರ್ ಮತ್ತು ಮೊಬೈಲ್ ಎರಡರಲ್ಲೂ ಬಳಸಬೇಕೆಂದರೆ ಫೀಡ್ಲಿ, ಇನೊರೀಡರ್ ಇವೆ. ಕೆಲವು ಮಿತಿಗಳೊಂದಿಗೆ ಇವು ಉಚಿತ. ಆಪಲ್ ಸಾಧನ ಉಳ್ಳವರಿಗೆ ನೆಟ್‌ನ್ಯೂಸ್‌ವೈರ್ ಪೂರ್ತಿ ಉಚಿತ. ಗಣಕಯಂತ್ರದಲ್ಲಿ ಥಂಡರ್‌ಬರ್ಡ್ ಮೇಲ್ ತಂತ್ರಾಂಶ ಬಳಸುವವರು ಅದರಲ್ಲಿಯೇ ಫೀಡ್‌ಗಳನ್ನೂ ಓದಬಹುದು.

2. ರೀಡರ್‌ನಲ್ಲಿ ಹೊಸ ಫೀಡ್ ಸೇರಿಸುವ ಗುಂಡಿಯನ್ನು ಒತ್ತಿ, ನಿಮ್ಮ ಮೆಚ್ಚಿನ ತಾಣದ ವಿಳಾಸವನ್ನು ನಮೂದಿಸಿ. ಫೀಡ್‌ನ ಪ್ರತ್ಯೇಕ ವಿಳಾಸ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಅನೇಕ ತಾಣಗಳು ತಮ್ಮ ಪುಟದ ಮೂಲಸಂಕೇತದಲ್ಲಿ ಅದನ್ನು ಸೂಚಿಸಿರುತ್ತವೆ. ರೀಡರ್ ತಾನೇ ಹುಡುಕಿಕೊಳ್ಳುತ್ತದೆ.

3. ಸಿಗದಿದ್ದರೆ ತಾಣದ ತಳಭಾಗದಲ್ಲಿ ಕಿತ್ತಳೆ ಚಿಹ್ನೆ ಅಥವಾ ಆರ್‌ಎಸ್‌ಎಸ್ ಎಂಬ ಅಕ್ಷರಗಳಿವೆಯೇ ನೋಡಿ. ವರ್ಡ್‌ಪ್ರೆಸ್ ತಂತ್ರಾಂಶದಿಂದ ನಡೆಯುವ ತಾಣವಾದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ, ಇಂಗ್ಲಿಷ್‌ನಲ್ಲಿ ‘ಫೀಡ್’ ಎಂದು ಟೈಪಿಸಿದರೆ ಸಾಮಾನ್ಯವಾಗಿ ಸಿಗುತ್ತದೆ.

4. ದೊಡ್ಡ ಸುದ್ದಿತಾಣಗಳು ರಾಜ್ಯ, ಜಿಲ್ಲೆ, ಕ್ರೀಡೆ, ವಾಣಿಜ್ಯ ಎಂದು ವಿಭಾಗಗಳಿಗೆ ಬೇರೆ ಬೇರೆ ಫೀಡ್ ನೀಡುವುದುಂಟು. ಇಡೀ ತಾಣದ ಬದಲು ನಿಮ್ಮ ಜಿಲ್ಲೆಯ ವಿಭಾಗವನ್ನಷ್ಟೇ ಸೇರಿಸಿಕೊಳ್ಳಿ.

5. ಆರಂಭದಲ್ಲಿ ಐದಾರು ತಾಣಗಳು ಸಾಕು. ಉತ್ಸಾಹದಿಂದ ನೂರು ಸೇರಿಸಿದರೆ ಓದದೆ ಉಳಿದ ಸುದ್ದಿಗಳ ಸಂಖ್ಯೆಯೇ ಗಾಬರಿ ಹುಟ್ಟಿಸುತ್ತದೆ. ಹಳೆಯದನ್ನೆಲ್ಲ ಓದಿದ್ದಾಗಿದೆ ಎಂದು ಗುರುತು ಹಾಕಿ ಮುಂದೆ ಸಾಗಲು ಎಲ್ಲ ರೀಡರ್‌ಗಳಲ್ಲೂ ಒಂದು ಗುಂಡಿ ಇರುತ್ತದೆ. ಅದನ್ನು ಬಳಸಲು ಸಂಕೋಚ ಬೇಡ. ನಿನ್ನೆಯ ಪತ್ರಿಕೆಯನ್ನು ರದ್ದಿಗೆ ಹಾಕಿದಂತೆ, ಅಷ್ಟೇ.

6. ವರ್ಷಕ್ಕೆ ಒಂದೆರಡು ಬಾರಿ ನಿಮ್ಮ ಪಟ್ಟಿಯನ್ನು ಒಪಿಎಂಎಲ್ ಕಡತವಾಗಿ ಇಳಿಸಿಟ್ಟುಕೊಳ್ಳಿ. ಇಂದಿನ ರೀಡರ್ ನಾಳೆ ಮುಚ್ಚಿದರೂ ಪಟ್ಟಿ ನಿಮ್ಮಲ್ಲಿರುತ್ತದೆ.

ಕೆಲವು ತಾಣಗಳ ಫೀಡ್‌ನಲ್ಲಿ ವರದಿ ಪೂರ್ತಿ ಬರುವುದಿಲ್ಲ, ಶೀರ್ಷಿಕೆ ಮತ್ತು ಎರಡು ಸಾಲು ಮಾತ್ರ ಇರುತ್ತದೆ. ಜಾಹೀರಾತಿನ ಆದಾಯ ಬರಬೇಕಾದರೆ ಓದುಗರು ತಾಣಕ್ಕೇ ಬರಬೇಕು ಎಂಬುದು ಇದರ ಹಿಂದಿನ ಕಾರಣ. ಸುದ್ದಿಸಂಸ್ಥೆಯವರಾಗಿ ಈ ಇಕ್ಕಟ್ಟು ನಮಗೂ ಅರ್ಥವಾಗುತ್ತದೆ. ಆದರೂ ಶೀರ್ಷಿಕೆಯಾದರೂ ತಪ್ಪದೆ ತಲುಪುವುದು ಓದುಗರಿಗೆ ಲಾಭವೇ.

ಇ-ಮೇಲ್ ಚಂದಾದಾರರಿಗೆ ಕಿವಿಮಾತು

ಫೀಡ್ ರೀಡರ್ ಎಲ್ಲರಿಗೂ ಒಗ್ಗಲಾರದು. ಇನ್ನೊಂದು ಆ್ಯಪ್ ಬೇಡ, ಇ-ಮೇಲ್ ಸಾಕು ಎನ್ನುವವರು ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

ಸುದ್ದಿಪತ್ರಗಳಿಗೆಂದೇ ಪ್ರತ್ಯೇಕ ಇ-ಮೇಲ್ ವಿಳಾಸ ಇಟ್ಟುಕೊಳ್ಳುವುದು ಉತ್ತಮ. ಬ್ಯಾಂಕ್, ಆಧಾರ್ ಮುಂತಾದವುಗಳಿಗೆ ಜೋಡಿಸಿದ ವಿಳಾಸವನ್ನು ಎಲ್ಲೆಡೆ ಹಂಚಬೇಡಿ. ಜಿಮೇಲ್ ಬಳಸುವವರಿಗೆ ಇನ್ನೊಂದು ಉಪಾಯವಿದೆ. ವಿಳಾಸದಲ್ಲಿ ನಿಮ್ಮ ಹೆಸರಿನ ನಂತರ ಪ್ಲಸ್ ಚಿಹ್ನೆ ಹಾಗೂ ಯಾವುದಾದರೂ ಪದ ಸೇರಿಸಿ ಕೊಟ್ಟರೂ ಪತ್ರ ನಿಮಗೇ ಬರುತ್ತದೆ. ಒಂದೊಂದು ತಾಣಕ್ಕೆ ಒಂದೊಂದು ಪದ ಸೇರಿಸಿದರೆ, ಬೇಡದ ಪತ್ರ ಬಂದಾಗ ಯಾರ ಕಡೆಯಿಂದ ವಿಳಾಸ ಸೋರಿತು ಎಂದು ಊಹಿಸಬಹುದು.

ಕೇಳಿ ಪಡೆದ ಪತ್ರವೇ ಕಾಣೆಯಾದರೆ ‘ಸ್ಪ್ಯಾಮ್’ ಮತ್ತು ‘ಪ್ರಮೋಷನ್ಸ್’ ವಿಭಾಗಗಳಲ್ಲಿ ಹುಡುಕಿ. ಕಳುಹಿಸಿದವರ ವಿಳಾಸವನ್ನು ನಿಮ್ಮ ಸಂಪರ್ಕ ಪಟ್ಟಿಗೆ ಸೇರಿಸಿಕೊಂಡರೆ ಮುಂದೆ ಮುಖ್ಯ ಪೆಟ್ಟಿಗೆಗೆ ಬರುವ ಸಾಧ್ಯತೆ ಹೆಚ್ಚು. ಇ-ಮೇಲ್‌ನಲ್ಲಿಯೂ ವಿಂಗಡಿಸುವ ಯಂತ್ರವೊಂದು ನಡುವೆ ಇದೆ ಎಂಬುದನ್ನು ಮರೆಯಬಾರದು.

ಚಂದಾ ರದ್ದುಪಡಿಸುವುದು ಈಗ ಮೊದಲಿಗಿಂತ ಸುಲಭ. ಜಿಮೇಲ್ ಮತ್ತು ಯಾಹೂ ಸೇವೆಗಳು 2024ರಲ್ಲಿ ಹೊಸ ನಿಯಮ ಜಾರಿಗೆ ತಂದವು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5 ಸಾವಿರಕ್ಕಿಂತ ಹೆಚ್ಚು ಪತ್ರ ಕಳುಹಿಸುವವರು ತಮ್ಮ ಪ್ರಚಾರ ಪತ್ರ ಹಾಗೂ ಚಂದಾ ಪತ್ರಗಳಲ್ಲಿ ಒಂದೇ ಕ್ಲಿಕ್ಕಿನಿಂದ ಚಂದಾ ಬಿಡುವ ವ್ಯವಸ್ಥೆ ಒದಗಿಸಬೇಕು, ಎರಡು ದಿನಗಳೊಳಗೆ ವಿನಂತಿಯನ್ನು ಈಡೇರಿಸಬೇಕು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ನೀಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಕಾಲಾವಕಾಶ ನಿಗದಿಪಡಿಸಲಾಗಿದೆ.

ಒಂದು ಎಚ್ಚರ: ನೀವು ಎಂದೂ ಚಂದಾದಾರರಾಗದ, ಗುರುತು ಪರಿಚಯವಿಲ್ಲದ ಕಡೆಯಿಂದ ಬಂದ ಪತ್ರದಲ್ಲಿ ‘ಚಂದಾ ರದ್ದುಪಡಿಸಿ’ ಎಂಬ ಕೊಂಡಿಯನ್ನೂ ಕ್ಲಿಕ್ಕಿಸಬೇಡಿ. ಆ ವಿಳಾಸ ಬಳಕೆಯಲ್ಲಿದೆ ಎಂದು ವಂಚಕರಿಗೆ ತಿಳಿಯುತ್ತದೆ. ಅಂಥವನ್ನು ಸ್ಪ್ಯಾಮ್ ಎಂದು ಗುರುತು ಹಾಕಿದರೆ ಸಾಕು.

ಆಯ್ಕೆ ನಿಮ್ಮದಾಗಿರಲಿ

ಬ್ರೌಸರ್ ಸೂಚನೆಗಳು, ಆ್ಯಪ್ ಸೂಚನೆಗಳು, 2023ರಲ್ಲಿ ಭಾರತಕ್ಕೆ ಬಂದ ವಾಟ್ಸ್‌ಆ್ಯಪ್ ಚಾನೆಲ್‌ಗಳು ಹೀಗೆ ಹೊಸ ದಾರಿಗಳೂ ಇವೆ. ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಅವುಗಳಲ್ಲಿ ಅನೇಕವು ಒಂದೊಂದು ಕಂಪನಿಯ ಅಂಗಳದಲ್ಲಿವೆ. ಅಂಗಳದ ನಿಯಮ ಬದಲಾದಾಗ ಓದುಗರನ್ನು ಯಾರೂ ಕೇಳುವುದಿಲ್ಲ. ಆದ್ದರಿಂದ ನಿಮಗೆ ನಿಜವಾಗಿ ಬೇಕಾದ ಎರಡು ಮೂರು ಸುದ್ದಿಮೂಲಗಳಿಗಾದರೂ ನೇರ ಸಂಪರ್ಕ ಇಟ್ಟುಕೊಳ್ಳುವುದು ವಿವೇಕ. ಅದು ಇ-ಮೇಲ್ ಆಗಿರಲಿ, ಫೀಡ್ ಆಗಿರಲಿ.

ಮೈಸೂರಿನ ಆ ಓದುಗರಿಗೆ ದೂರವಾಣಿಯಲ್ಲಿಯೇ ದಾರಿ ಹೇಳಿಕೊಟ್ಟೆವು. ರೀಡರ್ ಇಳಿಸಿಕೊಂಡು ನಮ್ಮ ತಾಣದ ವಿಳಾಸ ಸೇರಿಸಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಮರುದಿನ ಬೆಳಿಗ್ಗೆ ಮತ್ತೆ ಕರೆ ಬಂತು. "ಎಲ್ಲಾ ಬಂದಿದೆ ಸ್ವಾಮಿ. ನನಗೆ ಬೇಡದ ಕ್ರಿಕೆಟ್ಟೂ ಬಂದಿದೆ. ಪರವಾಗಿಲ್ಲ, ಬೇಡದ್ದನ್ನು ನಾನೇ ಬಿಡುತ್ತೇನೆ" ಎಂದರು.